ನಾಲ್ಕನೆಯ ಗುಂಪಿನ ಇಲಿಗಳು

ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿದ್ದಾರೆ, ಅಳಬೇಕೋ ಬೇಡವೋ ಎಂದು ಅದು ಬಾಯಿ ಅರ್ಧ ತೆರೆದು ಅಮ್ಮನ ಮುಖ ನೋಡುತ್ತಿದೆ, ಕಾಲೆರಡೂ ಜೋಳಿಗೆಯ ತೂತುಗಳಿಂದ ಹೊರಗೆ ಜೋತುಬಿದ್ದಿವೆ, ಮುಳ್ಳು ಆಚೆ ಈಚೆ ಆಡಿ ಇನ್ನೇನು ನಿಲ್ಲಬೇಕು ಎನ್ನುವಾಗ ಒಂದು ಒದೆ, ಮತ್ತೆ ಮುಳ್ಳು ಆಡುತ್ತದೆ — ಪ್ರಯೋಗಶಾಲೆಯ ಇಲಿಗಳೂ ಹೀಗೇ ಮಾಡುತ್ತಿದ್ದವು, ಬೆಳಿಗ್ಗೆ ಬೆಳಿಗ್ಗೆ ತಕ್ಕಡಿಯ ಮೇಲಿನ ಡಬ್ಬಿಯಲ್ಲಿ ಬಿಟ್ಟರೆ ಮೂಲೆಯಿಂದ ಮೂಲೆಗೆ ಓಡಿ ಅಂಕಿಯನ್ನು ನಿಲ್ಲಲು ಬಿಡುತ್ತಿರಲಿಲ್ಲ, ಮೇಲೆ ಅಂಗೈ ಅಡ್ಡ ಹಿಡಿದರೆ ಕತ್ತಲಾಯಿತೆಂದುಕೊಂಡೋ ಏನೋ ಸುಮ್ಮನಾಗುತ್ತಿದ್ದವು, ಆ ಗಳಿಗೆಯಲ್ಲಿ ತೂಕ ಓದಿಕೊಳ್ಳಬೇಕು. ಈ ಮಗುವಿಗೆ ಯಾರೂ ಅಂಗೈ ಅಡ್ಡ ಹಿಡಿಯುವುದಿಲ್ಲ, ಅಮ್ಮ ಚಪ್ಪಾಳೆ ತಟ್ಟುತ್ತಾಳೆ, ಸುತ್ತಲಿನ ಹೆಂಗಸರು ನಗುತ್ತಾರೆ, ನರ್ಸಮ್ಮ ಬು ಕುಸ್ರಿನಿ ಕಣ್ಣು ಕಿರಿದು ಮಾಡಿ ಮುಳ್ಳು ನೋಡಿ ಪರವಾಗಿಲ್ಲ, ಏರಿದೆ ಎನ್ನುತ್ತಾರೆ. ಏರಿದರೆ ಒಳ್ಳೆಯದು. ಅಲ್ಲೂ ಅಷ್ಟೇ, ತೂಕ ಇಳಿದ ಇಲಿಯ ಒಳಗೆ ಏನೋ ಕೆಟ್ಟಿತು ಎಂದೇ ಅರ್ಥ. ತಿಂಗಳ ತೂಕದ ದಿನ, ಊರ ಸಭಾಮಂಟಪದ ತುಂಬ ಮಕ್ಕಳು, ಹೆಸರುಕಾಳಿನ ಪಾಯಸದ ಪಾತ್ರೆಯಿಂದ ತೆಂಗಿನ ಹಾಲಿನ ಹಬೆ, ಮೂಲೆಯಲ್ಲಿ ಒಂದು ಮೈಕು ನಿಂತಿದೆ, ಆ ಮೈಕು ನನಗಾಗಿ, ತಿನಿಗಾಗಿ. ತೂಕ ಎಲ್ಲಾ ಮುಗೀಲಿ ತಿನಿ, ಆಮೇಲೆ ಮಾತಾಡು, ಈಗ ಶುರು ಮಾಡಿದ್ರೆ ನಿನ್ ಮಾತು ಯಾರಿಗೂ ಕೇಳಲ್ಲ, ಅಂದರು ಬು ಕುಸ್ರಿನಿ. ಸರಿ ಅಂದೆ. ತಡವಾದಷ್ಟೂ ಒಳ್ಳೆಯದು. ಇಲಿ ಡಾಕ್ಟರ್ ಬಂದವ್ಳೆ ಕಣ್ರೇ, ಅಂದಳು ಹಿಂದಿನಿಂದ ಒಬ್ಬಳು, ನಮ್ಮನೆ ಅಟ್ಟದ್ ಮೇಲೂ ಬೇಕಾದಷ್ಟವೆ ತಿನಿ, ಹಿಡ್ಕೊಂಡ್ ಹೋಗಿ ಒಂದಿಷ್ಟು ಓದು ಕಲಿಸು. ನಕ್ಕೆ. ನಗಬೇಕಿತ್ತು, ನಕ್ಕೆ, ನಗುತ್ತಲೇ ಬಾಗಿಲ ಕಡೆ ನೋಡಿದೆ, ಬುಡೆ ವಾಗಿರಾ, ನಮ್ಮ ವಾಗಿರಾ ದೊಡ್ಡಮ್ಮ, ಇನ್ನೂ ಬಂದಿಲ್ಲ, ಬರುತ್ತಾರೋ ಇಲ್ಲವೋ, ನಿನ್ನೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಗಿಲಲ್ಲಿ ಇರುವವನು ಮಾಸ್ ತರ್ನೊ, ನನ್ನ ಅಣ್ಣ. ತೂಕದ ದಿನ ಗಂಡಸರು ಈ ಕಡೆ ಸುಳಿಯುವುದಿಲ್ಲ, ಅವನು ಕಂಬಕ್ಕೆ ಒರಗಿ ಲವಂಗದ ಸಿಗರೇಟು ಹಚ್ಚಿಕೊಂಡು ಹೊಗೆಯನ್ನು ಹೊರಗೆ ಬಿಡುತ್ತಾ ಕಣ್ಣನ್ನು ಒಳಗೆ ಇಟ್ಟಿದ್ದಾನೆ, ನನ್ನ ಮೇಲೆ. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಅದೇ ಮಾತು, ಮೈಕ್ ಹಿಡ್ಕೊಂಡು ಬರೀ ಇಲಿ ಇಲಿ ಅನ್ಬೇಡ ತಿನಿ, ನಮ್ಮಪ್ಪ ಕೊಂದಿಲ್ಲ ಅಂತ ಹೇಳು, ಅಷ್ಟೇ ಸಾಕು, ಆ ಒಂದು ಮಾತು ಕೇಳೋಕೆ ನಾನು ಇಷ್ಟು ವರ್ಷ ಕಾದಿದೀನಿ, ನೀನು ಓದ್ತೀನಿ ಅಂತ ಜೋಗ್ಜಾ ಪಟ್ಟಣ ಸೇರ್ಕೊಂಡೆ, ಇಲ್ಲಿ ಇದ್ದಿದ್ದು ನಾನು. ಅದು ನಿಜ, ವಿಷದವನ ಮಗ ಎಂದು ಕರೆಸಿಕೊಂಡದ್ದು ಅವನೇ, ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲಿ ಚಹಾ ಕುಡಿಸಿ ಕಳಿಸಿದ್ದೂ ಅವನನ್ನೇ. ಅಪ್ಪನ ಹೆಸರು ದಾರ್ಸೊ, ಊರಿಗೆಲ್ಲ ಪಾಕ್ ದಾರ್ಸೊ, ನಮಗೆ ಬರೀ ಪಾಕ್, ಬೇರು ತೊಗಟೆಯ ಔಷಧಿ ಕೊಡುವವನು, ಮನೆಯ ಹಿಂದೆ ಕಹಿತೊಗಟೆಯ ಮರ, ಅದರ ತೊಗಟೆ ಕೆತ್ತಿ ಮಣ್ಣಿನ ಮಡಕೆಯಲ್ಲಿ ಕುದಿಸಿದರೆ ಬರುವ ಕಪ್ಪು ಕಷಾಯಕ್ಕೆ ಜ್ವರ ಇಳಿಯುತ್ತಿತ್ತು, ಇಳಿಯುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನನಗೇ ಇಳಿದಿದೆ. ಇದು ಕುಡಿಸೋವಾಗ ಬೇರೆ ಯಾವ ಔಷಧೀನೂ ಕೊಡ್ಬೇಡಿ, ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ, ಯಾಕೆ ಎಂದರೆ ನಮ್ಮಪ್ಪ ಹಾಗೆ ಹೇಳಿದ್ರು ಎನ್ನುತ್ತಿದ್ದ, ಅದಕ್ಕಿಂತ ಹೆಚ್ಚಿನದು ಅವನಿಗೂ ಗೊತ್ತಿರಲಿಲ್ಲ. ಲಸ್ಮಿ ನಮ್ಮ ಅಂಗಳಕ್ಕೆ ಬಂದು ಒಣಹಾಕಿದ ಬೇರುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ರೈಲು ಮಾಡುತ್ತಿದ್ದಳು, ಕೂ ಎನ್ನುತ್ತಿದ್ದಳು, ರೈಲನ್ನು ಅವಳು ನೋಡಿಯೇ ಇರಲಿಲ್ಲ, ನಾವ್ಯಾರೂ ನೋಡಿರಲಿಲ್ಲ. ನಾಲ್ಕು ವರ್ಷ ಅವಳಿಗೆ, ಬುಡೆ ವಾಗಿರಾ ಅವರ ಒಬ್ಬಳೇ ಮಗಳು, ಅವರ ಗಂಡ ತುಮಿಜಾನ್ ತೆಂಗಿನ ಮರ ಹತ್ತಿ ಹೂವಿನ ರಸ ಇಳಿಸುವವರು, ಬೆಲ್ಲ ಕಾಯಿಸುವ ದಿನ ಲಸ್ಮಿಯ ಕೆನ್ನೆಯ ತುಂಬ ಬೆಲ್ಲ. ಮಳೆ ನಿಂತ ಮೇಲಿನ ಜ್ವರ, ಊರಿನ ಅರ್ಧ ಮಕ್ಕಳಿಗೆ ಬಂದಿತ್ತು, ಅಪ್ಪ ಎಲ್ಲರಿಗೂ ಕೊಟ್ಟ, ಎಲ್ಲರಿಗೂ ಇಳಿಯಿತು, ಲಸ್ಮಿಗೆ ಇಳಿಯಿತು, ಏರಿತು, ಇಳಿಯಿತು, ಆಮೇಲೆ ವಾಂತಿ, ಆಮೇಲೆ ಕಣ್ಣು ಹಳದಿ, ಆಮೇಲೆ ಎಬ್ಬಿಸಿದರೂ ಏಳದ ನಿದ್ದೆ, ತೆಂಗಿನಕಾಯಿ ತುಂಬಿದ ಲಾರಿಯಲ್ಲಿ ಜಾಗ ಮಾಡಿ ಕೆಳಗಿನ ಆಸ್ಪತ್ರೆಗೆ ಒಯ್ಯುತ್ತಿದ್ದರು, ದಾರಿಯಲ್ಲೇ ಹೋದಳು. ಲಾರಿ ಹಿಂದಕ್ಕೆ ಬಂದದ್ದು ನೆನಪಿದೆ. ಹೋದ ಲಾರಿ ಇಷ್ಟು ಬೇಗ ಬಂತಲ್ಲ ಎಂದು ನಾನು ಓಡಿಹೋಗಿ ನೋಡಿದೆ.

ಯಾರೂ ಅಪ್ಪನನ್ನು ಹೊಡೆಯಲಿಲ್ಲ. ಪೊಲೀಸು ಬರಲಿಲ್ಲ. ತುಮಿಜಾನ್ ಬಂದು ಅಂಗಳದಲ್ಲಿ ನಿಂತರು, ಅಪ್ಪ ಹೊರಗೆ ಹೋಗಿ ಎದುರು ನಿಂತ, ಆಮೇಲೆ ಅವರು ಹೋದರು, ಅಷ್ಟೇ. ಜನ ಬರುವುದು ನಿಂತುಹೋಯಿತು, ಅದಕ್ಕೂ ಯಾರೂ ಜಗಳವಾಡಬೇಕಾಗಲಿಲ್ಲ. ಅಪ್ಪ ಮರವನ್ನು ತಾನೇ ಕಡಿದ, ಬುಡವನ್ನೂ ಅಗೆದು ತೆಗೆದ, ಮಡಕೆಗಳನ್ನು ಕೋಳಿಗಳಿಗೆ ನೀರಿಡಲು ಕೊಟ್ಟ, ಆಡು ಸಾಕಿದ, ಬೆಟ್ಟದ ಇಳಿಜಾರಿನಲ್ಲಿ ಆಡುಗಳ ಹಿಂದೆ ಹೋಗುವಾಗ ಔಷಧಿಯ ಗಿಡ ಕಂಡರೆ ಸುತ್ತಿಕೊಂಡು ಹೋಗುತ್ತಿದ್ದ, ತುಳಿಯುತ್ತಲೂ ಇರಲಿಲ್ಲ ಮುಟ್ಟುತ್ತಲೂ ಇರಲಿಲ್ಲ. ಕೊನೆಯ ವರ್ಷ ಕೆಮ್ಮು ಹಿಡಿದಾಗ ಶುಂಠಿಯಾದರೂ ಜಜ್ಜಿ ಕೊಡಲೇ ಎಂದರೆ ಬೇಡ ಅಂದ. ಶುಂಠಿ, ಪಾಕ್, ಬರೀ ಶುಂಠಿ. ಬೇಡ ಗೆಂಡುಕ್, ಬೇಡ ಮಗಳೇ, ನನಗೆ ಯಾವುದು ಏನು ಮಾಡುತ್ತೆ ಅಂತ ಗೊತ್ತಿಲ್ಲ, ಅಂದ. ಅರವತ್ತು ದಾಟಿದ ಮನುಷ್ಯ, ಬೆಟ್ಟದ ಪ್ರತಿಯೊಂದು ಬೇರಿನ ರುಚಿ ಬಲ್ಲವನು, ಶುಂಠಿಗೆ ಹೆದರಿದ. ಅವನು ಹೋದಾಗ ಪ್ರಾರ್ಥನೆಗೆ ಊರೆಲ್ಲ ಬಂತು, ಸತ್ತವರ ಮನೆಗೆ ಬರದೆ ಇರಲಾಗದು, ಬುಡೆ ವಾಗಿರಾ ಕೂಡ ಬಂದರು, ಹಿತ್ತಲ ಬಾಗಿಲಿನಿಂದ ಬಂದು ಬಾವಿಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತಟ್ಟೆ ತೊಳೆದರು, ತೊಳೆದರು, ಅಷ್ಟೂ ದಿನದ ಪ್ರಾರ್ಥನೆಗೂ ಬಂದು ತೊಳೆದರು, ಒಮ್ಮೆಯೂ ಒಳಗೆ ಬರಲಿಲ್ಲ. ಕ್ಷಮಿಸಿದ್ದಾರೆ ಎಂದುಕೊಂಡೆ ನಾನು. ಎಷ್ಟು ದೊಡ್ಡ ಮನಸ್ಸು ನೋಡು ಎಂದು ಅಣ್ಣನಿಗೂ ಹೇಳಿದೆ. ಅವನು ಕುರ್ಚಿಗಳನ್ನು ಮಡಿಸಿಟ್ಟ.

ಮತ್ತೊಂದು ಮಗು ಜೋಳಿಗೆಗೆ, ಇದು ಅಳುವ ಮಗು, ಕಿವಿ ಕಿತ್ತುಹೋಗುವ ಹಾಗೆ — ಬು ಕುಸ್ರಿನಿ ಹೋದ ವರ್ಷ ಫೋನ್ ಮಾಡಿದ್ದು ಇಂಥದೇ ಒಂದು ಮಗುವಿಗಾಗಿ, ಮೇಲಿನ ಕೇರಿಯ ಮಗು, ಕಣ್ಣು ಹಳದಿಯಾಗಿ ದೊಡ್ಡಾಸ್ಪತ್ರೆ ಸೇರಿ ಅದೃಷ್ಟಕ್ಕೆ ಬದುಕಿ ಬಂತು, ಏನೇನು ಕೊಟ್ಟಿದ್ರಿ ಅಂತ ಕೇಳಿದ್ರೆ ತೊಗಟೆ ಕಷಾಯ ಕೊಟ್ಟಿದ್ವಿ, ಜೊತೆಗೆ ಪ್ಯಾರಾಸಿಟಮಾಲೂ ಕೊಟ್ಟಿದ್ವಿ ಅಂದ್ರು ತಿನಿ, ಅದು ಎಲ್ಲರ ಮನೇಲೂ ಕೊಡೋದೇ, ಇದೂ ಎಲ್ಲರ ಮನೇಲೂ ಕೊಡೋದೇ, ಎರಡೂ ಒಟ್ಟಿಗೆ ಹೋದ್ರೆ ಏನಾಗುತ್ತೆ ಅಂತ ನೋಡೋಕಾಗುತ್ತಾ ನಿನ್ನ ಹತ್ರ. ಅಪ್ಪ ಮರ ಕಡಿದರೇನು, ಊರಿನಲ್ಲಿ ಬೇರೆ ಮರಗಳಿಲ್ಲವೇ, ಹೆದರಿಕೆ ಆರಿದ ಮೇಲೆ ಒಬ್ಬೊಬ್ಬರಾಗಿ ತಾವೇ ಕೆತ್ತಿ ಕುದಿಸತೊಡಗಿದ್ದರು, ಹೇಳಿಕೊಡುವವನೊಬ್ಬ ಸುಮ್ಮನಾಗಿದ್ದ, ಬೇರೆ ಔಷಧಿ ಕೊಡಬೇಡಿ ಎನ್ನುವವರು ಯಾರೂ ಉಳಿದಿರಲಿಲ್ಲ. ಫೋನ್ ಇಟ್ಟೆ. ಜೊತೆಗೆ. ಆ ಮಾತು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ, ಔಷಧಿಗಳನ್ನೇ ಓದಿದವಳಿಗೆ. ನಾಲ್ಕು ಗುಂಪು ಮಾಡಿದೆ, ಒಂದಕ್ಕೆ ಬರೀ ನೀರು, ಒಂದಕ್ಕೆ ಅಪ್ಪನ ಹಾಗೆಯೇ ಮಣ್ಣಿನ ಮಡಕೆಯಲ್ಲಿ ಕುದಿಸಿದ ಕಷಾಯ, ಒಂದಕ್ಕೆ ಪ್ಯಾರಾಸಿಟಮಾಲ್, ನಾಲ್ಕನೆಯದಕ್ಕೆ ಎರಡೂ. ಬಿಳಿ ಇಲಿಗಳು, ಕೆಂಪು ಕಣ್ಣು, ಹೆಸರಿಡಬಾರದು, ಬಾಲದ ಮೇಲೆ ಬಣ್ಣದ ಗೆರೆ, ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ ತುದಿ ಉರುಟಾದ ಸೂಜಿಯನ್ನು ನಾಲಿಗೆಯ ಬದಿಯಿಂದ ಇಳಿಸಿದರೆ ಅವು ತಾವೇ ನುಂಗಿಕೊಳ್ಳುತ್ತವೆ, ಮುಂಗಾಲುಗಳಿಂದ ನನ್ನ ಕೈಗವಸನ್ನು ಹಿಡಿದುಕೊಳ್ಳುತ್ತವೆ, ತಳ್ಳುವುದಕ್ಕೋ ಆಸರೆಗೋ ಗೊತ್ತಾಗುವುದಿಲ್ಲ. ಕೋಣೆಯ ತುಂಬ ಭತ್ತದ ಹೊಟ್ಟಿನ ವಾಸನೆ, ಮೂತ್ರದ ಘಾಟು, ಅದರ ನಡುವೆ ಕಷಾಯದ ಕಹಿ ವಾಸನೆ ಏಳುತ್ತಿದ್ದಂತೆ ನಾನು ಹಿತ್ತಿಲಲ್ಲಿ ಇರುತ್ತಿದ್ದೆ, ಅಪ್ಪ ಒಲೆಗೆ ಊದುತ್ತಿದ್ದಾನೆ, ಹೊಗೆಗೆ ಕಣ್ಣು ಕೆಂಪಾಗಿದೆ, ಸರಿ ಆ ಕಡೆ ಹೋಗು ಗೆಂಡುಕ್, ಕಿಡಿ ಹಾರುತ್ತೆ.

ಎರಡನೆಯ ಗುಂಪು, ಬರೀ ಕಷಾಯದ ಗುಂಪು, ಅದರ ಪಂಜರದ ಮುಂದೆ ದಿನಾ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ, ತಪ್ಪು ಎಂದು ಗೊತ್ತಿತ್ತು, ಎಲ್ಲವನ್ನೂ ಒಂದೇ ರೀತಿ ನೋಡಬೇಕು, ಆದರೂ ಸಾಯಬೇಡಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ದೇವರನ್ನಲ್ಲ, ಇಲಿಗಳನ್ನು. ಅವು ಸಾಯಲಿಲ್ಲ. ತಿಂದವು, ಒಂದರ ಮೇಲೊಂದು ಬಿದ್ದು ಮಲಗಿದವು, ತೂಕವೂ ಏರಿತು. ಮೂರನೆಯ ಗುಂಪೂ ಚೆನ್ನಾಗಿಯೇ ಇತ್ತು. ನಾಲ್ಕನೆಯದರಲ್ಲಿ ಮೊದಲು ಒಂದು ಮೂಲೆ ಸೇರಿತು, ಬೆನ್ನು ಗೂನಾಗಿ ರೋಮ ನಿಮಿರಿ, ಆಮೇಲೆ ಇನ್ನೊಂದು, ಕಿವಿಯ ತೆಳು ಚರ್ಮ ಹಳದಿಗೆ ತಿರುಗಿತು, ಬಾಲದ ಬುಡ ಹಳದಿಗೆ ತಿರುಗಿತು. ಮಂಪರು ಕೊಟ್ಟು ಹೊಟ್ಟೆ ತೆರೆದ ದಿನ, ಎರಡನೆಯ ಗುಂಪಿನ ಯಕೃತ್ತು ನುಣ್ಣಗೆ, ಕಡುಕೆಂಪು, ಕೈಗೆ ಜಾರುವಂತೆ, ಅದು ಹೇಗಿರಬೇಕೋ ಹಾಗೆ. ನಾಲ್ಕನೆಯದರದ್ದು ಕುಯ್ದ ಜಾಯಿಕಾಯಿಯ ಹಾಗೆ, ಹಳದಿ ಕಂದು ಮಚ್ಚೆ ಮಚ್ಚೆ, ಮುಟ್ಟಿದರೆ ಪುಡಿಯಾಗುವಂತೆ. ನೋಡಿದೆ, ಸಂತೋಷವಾಯಿತು. ಇದನ್ನು ಯಾರಿಗೂ ಹೇಳಲಾರೆ, ಅಣ್ಣನಿಗೂ ಹೇಳಲಾರೆ, ಅವನಿಗಾದರೆ ಅರ್ಥವಾಗುತ್ತದೆ, ಅದಕ್ಕೇ ಹೇಳಲಾರೆ — ಆ ಹಾಳಾದ ಯಕೃತ್ತನ್ನು ಅಂಗೈಯಲ್ಲಿ ಇಟ್ಟುಕೊಂಡು ಎದೆ ಹಗುರವಾಯಿತು, ಪಾಕ್, ನೀನಲ್ಲ, ನೀನೊಬ್ಬನೇ ಅಲ್ಲ ಎಂದು ಹೇಳಿಕೊಂಡೆ, ಆ ಹಗುರದ ಹಿಂದೆಯೇ ಲಸ್ಮಿ ಬಂದಳು, ಅವಳ ಒಳಗೂ ಹೀಗೇ ಇತ್ತು, ಅಷ್ಟು ಪುಟ್ಟ ಹೊಟ್ಟೆಯ ಒಳಗೆ, ಲಾರಿಯಲ್ಲಿ ತೆಂಗಿನಕಾಯಿಗಳ ನಡುವೆ, ನಾನು ಇಲ್ಲಿ ಸಂತೋಷಪಡುತ್ತಿದ್ದೇನೆ. ನಮ್ಮ ಪ್ರೊಫೆಸರಮ್ಮ ಬು ಹರ್ಯಾತಿ ಕನ್ನಡಕ ಹಣೆಗೇರಿಸಿ ಗಾಜಿನ ಮೇಲಿನ ತೆಳು ಪದರಗಳನ್ನೆಲ್ಲ ನೋಡಿ, ಕೆಲಸ ಚೆನ್ನಾಗಿದೆ ತಿನಿ, ಊರಿನವರಿಗೆ ಎಚ್ಚರಿಕೆ ಹೇಳು, ಕಾಯ್ಬೇಡ, ಆದ್ರೆ ಒಂದು ನೆನಪಿಟ್ಕೊ, ಇಲಿ ಇಲಿಗಳ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತೆ, ಸತ್ತ ಮನುಷ್ಯರ ಬಗ್ಗೆ ಅದನ್ನ ಕೇಳ್ಬೇಡ, ಅಂದರು. ಅವರಿಗೆ ನಾನು ಅಪ್ಪನ ವಿಷಯ ಹೇಳಿಯೇ ಇರಲಿಲ್ಲ. ಮುಖ ನೋಡಿ ತಿಳಿದುಕೊಂಡರೋ ಏನೋ.

ಅಣ್ಣನಿಗೆ ಹೇಳಿದಾಗ ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ. ಹಾಗಾದ್ರೆ ಅವಳು ಕೊಟ್ಟಿದಾಳೆ. ಯಾರು. ಯಾರೇನು ಯಾರು, ಹೆತ್ತವಳು, ಇನ್ಯಾರು ಕೊಡ್ತಾರೆ, ಎಲ್ಲರ ಮನೆ ಮಕ್ಕಳೂ ಅದೇ ಕಷಾಯ ಕುಡಿದು ಎದ್ದು ಆಡಿದ್ವು, ಆ ಮಗು ಒಂದೇ ಯಾಕೆ ಹೋಯ್ತು. ಗೊತ್ತಿಲ್ಲ ಮಾಸ್, ಯಾರೂ ನೋಡಿಲ್ಲ, ಮಗುವಿಗೆ ಬೇರೆ ಏನಾದರೂ ಇದ್ದಿರಬಹುದು. ನಿನ್ನ ಇಲಿ ನೋಡಿದೆಯಲ್ಲ, ಅಂದ. ಇವತ್ತು ಇಲ್ಲಿ ಮೈಕಿನಲ್ಲಿ ನಾನು ಹೇಳಿದರೆ ಅವನಿಗೆ ಹೊಳೆದದ್ದೇ ಎಲ್ಲರಿಗೂ ಹೊಳೆಯುತ್ತದೆ, ಈ ಹೆಂಗಸರೆಲ್ಲ ಒಮ್ಮೆಗೇ ತಿರುಗಿ ನೋಡುತ್ತಾರೆ, ಹೇಳದಿದ್ದರೆ ನಾಳೆ ಇನ್ನೊಂದು ಮಗುವಿನ ಕಣ್ಣು ಹಳದಿಯಾಗುತ್ತದೆ. ಹೇಳಲೇಬೇಕು. ಆದರೆ ಈ ಜನರ ಗುಂಪಿನಲ್ಲಿ ಕೂತು ಅವರು ಇದನ್ನು ಮೊದಲ ಸಲ ಕೇಳಬಾರದು, ಅಷ್ಟನ್ನು ಮಾತ್ರ ನಾನು ಮಾಡಬಲ್ಲೆ ಎಂದುಕೊಂಡು ನಿನ್ನೆ ಮಧ್ಯಾಹ್ನ ಹೋದೆ, ತುಮಿಜಾನ್ ತೀರಿಕೊಂಡ ಮೇಲೆ ಬುಡೆ ವಾಗಿರಾ ಒಬ್ಬರೇ, ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಹುದುಗು ಬೆರೆಸಿದ ಸೋಯಾಕಾಳನ್ನು ಬಾಳೆಲೆಯಲ್ಲಿ ಕಟ್ಟುತ್ತಿದ್ದರು, ಒಂದು ಹಿಡಿ, ಮಡಿಕೆ, ಮಡಿಕೆ, ಬಿದಿರಿನ ದಾರ, ಪಕ್ಕಕ್ಕೆ. ಬಾ ಗೆಂಡುಕ್, ಕೂತ್ಕೊ, ಬಿಸಿನೀರಿದೆ, ಚಹಾ ಹಾಕ್ಲಾ. ಬೇಡ ಬುಡೆ. ಕೆಲಸ ಬಿಡದೆ, ಕೇಳ್ತೀನಿ ಹೇಳು, ಅಂದರು, ನಾನು ಹೇಳಿದೆ, ಬಾಗಿಲ ಹೊರಗಿನ ಕೋಳಿಯನ್ನು ನೋಡುತ್ತಾ ಹೇಳಿದೆ.

ಇಲಿಗಳಿಗೂ ಜ್ವರ ಬರುತ್ತಾ, ಎಂದು ಕೇಳಿದರು. ಇಲ್ಲ ಬುಡೆ, ಜ್ವರ ಇಲ್ಲದ ಇಲಿಗಳಿಗೇ ಕೊಟ್ಟಿದ್ದು. ಅಯ್ಯೋ ಪಾಪ, ಕಾಯಿಲೆ ಇಲ್ಲದವಕ್ಕೆ ಔಷಧಿ, ಅಂದರು, ಎಲೆ ಮಡಿಸಿದರು. ಅವುಗಳ ಕಣ್ಣೂ ಹಳದಿ ಆಯ್ತಾ. ಅವುಗಳ ಕಣ್ಣು ಕೆಂಪು, ಅದ್ರಲ್ಲಿ ಕಾಣಲ್ಲ, ಕಿವೀಲಿ ಕಾಣುತ್ತೆ, ಬಾಲದಲ್ಲಿ ಕಾಣುತ್ತೆ. ನಿದ್ದೆ ಮಾಡಿದ್ವಾ, ಎಬ್ಬಿಸಿದ್ರೂ ಏಳದ ಹಾಗೆ. ಹೂಂ ಬುಡೆ. ಆಮೇಲೆ ಅವರು ಇನ್ನೊಂದು ಎಲೆ ತೆಗೆದುಕೊಂಡರು, ಕಾಳು ಹಾಕಲಿಲ್ಲ, ಎಲೆಯನ್ನು ಒರೆಸಿದರು, ಒರೆಸಿದರು, ಸೀಳಿಹೋಯಿತು. ಗುಲಾಬಿ ಬಣ್ಣದ್ದು, ಅಂದರು. ಏನು ಬುಡೆ. ಸಿರಪ್ಪು. ಗುಲಾಬಿ ಬಣ್ಣ, ಹಣ್ಣಿನ ವಾಸನೆ, ಕಹಿ ಕುಡಿದೂ ಕುಡಿದೂ ಅವಳು ಬಾಯಿ ಬಿಡ್ತಾನೇ ಇರ್ಲಿಲ್ಲ, ಇದನ್ನ ಮಾತ್ರ ಇನ್ನೂ ಬೇಕು ಅಂದ್ಲು, ಕೊಟ್ಟೆ, ಜ್ವರ ಇಳೀತು, ಮತ್ತೆ ಏರಿತು, ಮತ್ತೆ ಕೊಟ್ಟೆ, ನಿಮ್ಮಪ್ಪನ ಕಷಾಯಾನೂ ಬಿಡ್ಲಿಲ್ಲ, ಎರಡೂ ಕೊಟ್ರೆ ಎರಡು ಪಟ್ಟು ವಾಸಿ ಆಗುತ್ತೆ ಅಂತಲೇ ನನ್ನ ತಲೇಲಿ ಇದ್ದಿದ್ದು. ಧ್ವನಿ ಏರಲಿಲ್ಲ, ಇಳಿಯಲಿಲ್ಲ, ಬೇರೆ ಯಾರದ್ದೋ ಮನೆಯ ವಿಷಯ ಹೇಳಿದ ಹಾಗೆ. ವಾಂತಿ ಶುರುವಾದಾಗ ನಿಮ್ಮಪ್ಪನ್ನ ಕರ್ಕೊಂಡು ಬಂದ್ರು ಇವ್ರು, ನಾನು ಆಗಷ್ಟೇ ಇನ್ನೊಂದು ಚಮಚ ಹಾಕಿದ್ದೆ, ತುಟಿ ಮೇಲೆ ಇಳೀತಿತ್ತು, ಹೆಬ್ಬೆರಳಲ್ಲಿ ಒರೆಸಿದೆ, ಬಾಗಿಲಲ್ಲಿ ನಿಮ್ಮಪ್ಪ. ಪಕ್ಕದಲ್ಲೇ ಕೂತ್ರು. ವಾಗಿರಾ, ಬೇರೆ ಏನಾದ್ರೂ ಕೊಟ್ಯೇನಮ್ಮಾ, ಅಂದ್ರು. ಹೆಬ್ಬೆರಳೆಲ್ಲ ಗುಲಾಬಿ, ಮುಷ್ಟಿ ಒಳಗೆ ಮುಚ್ಕೊಂಡೆ. ಇಲ್ಲ ಅಂದೆ.

ಇಲ್ಲ ಅಂದೆ ಎನ್ನುವಾಗ ಬುಡೆ ವಾಗಿರಾ ಅವರ ಬಲಗೈ ತೊಡೆಯ ಮೇಲೆ ಮುಚ್ಚಿಕೊಂಡಿತ್ತು, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಮೇಲೆ, ಅದು ಅವರಿಗೆ ಗೊತ್ತಿರಲಿಲ್ಲ. ಯಾಕೆ ಬುಡೆ, ಎಂದು ಕೇಳಿದೆ, ಕೇಳಬಾರದಿತ್ತು, ಕೇಳಿದೆ. ಇವ್ರು ಹೊಡೀತಾರೆ ಅಂತ ಅಲ್ಲ ಗೆಂಡುಕ್, ಇವ್ರು ಹೊಡೆಯೋರಲ್ಲ. ನಿಮ್ಮಪ್ಪ ಬೇರೆ ಏನೂ ಕೊಡ್ಬೇಡ ಅಂದಿದ್ರು, ನಾನು ಕೊಟ್ಟಿದ್ದೆ, ಬೈತಾರೆ ಅಂತ, ಅಷ್ಟೇ, ಮಗು ನಾಳೆ ಎದ್ದು ಆಡುತ್ತೆ, ಆಮೇಲೆ ಯಾಕೆ ಹೇಳೋದು ಅಂತ. ಅವಳು ಹೋದ್ಮೇಲೆ ಹೇಳೋಕೆ ನನಗೆ ಬಾಯೆಲ್ಲಿತ್ತು. ನಿಮ್ಮಪ್ಪ ನಂಬಿಬಿಟ್ರು, ಒಂದು ಸಲಾನೂ ತಿರುಗಿಸಿ ಕೇಳ್ಲಿಲ್ಲ, ಇಲ್ಲ ಅಂದಿದ್ದಕ್ಕೆ ತಲೆ ಆಡಿಸಿ, ಹಾಗಾದ್ರೆ ನನ್ನ ತೊಗಟೇದೇ ತಪ್ಪು ಅಂದ್ರು. ಆ ಮಾತು ಕೇಳಿ ನನಗೆ ಆ ಕಾಳಿನ ಬುಟ್ಟಿಯನ್ನು ಎತ್ತಿ ಎಸೆಯಬೇಕೆನಿಸಿತು, ಎಸೆದಂತೆಯೇ ಕೈಗೆ ಭಾರ ಬಂದಿತ್ತು, ಶುಂಠಿಗೆ ಹೆದರಿದ ಮನುಷ್ಯ, ಬೆಟ್ಟದಲ್ಲಿ ಗಿಡಗಳನ್ನು ಸುತ್ತಿಕೊಂಡು ಹೋಗುತ್ತಿದ್ದ ಮನುಷ್ಯ, ಒಂದು ಹೌದು ಸಾಕಿತ್ತಲ್ಲ ಬುಡೆ — ಸಾಕಿತ್ತೇ, ಆಗ ಹೌದು ಎಂದಿದ್ದರೂ ಸಿರಪ್ಪನ್ನು ಯಾರು ಬೈಯುತ್ತಿದ್ದರು, ಅದು ಡಾಕ್ಟರುಗಳದ್ದು, ಅಂಗಡಿಯದ್ದು, ಅಚ್ಚುಕಟ್ಟಾದ ಬಾಟಲಿಯದ್ದು, ಊರು ತೊಗಟೆಯನ್ನೇ ಬೈಯುತ್ತಿತ್ತು, ಆದರೆ ಅಪ್ಪ ಬೈಯುತ್ತಿರಲಿಲ್ಲ, ಅಪ್ಪನೊಬ್ಬನಾದರೂ ತನ್ನನ್ನು ಬೈದುಕೊಳ್ಳುತ್ತಿರಲಿಲ್ಲ. ತಟ್ಟೆ ತೊಳೆದಿದ್ದು ಇದಕ್ಕೇ. ಕ್ಷಮಿಸಿದ್ದಲ್ಲ. ಅಳಲಿಲ್ಲ ಅವರು, ನಾನೂ ಅಳಲಿಲ್ಲ, ಇಬ್ಬರ ನಡುವೆ ಕಟ್ಟಿಟ್ಟ ಎಲೆಗಳ ರಾಶಿ. ಹಾಗಾದ್ರೆ ನಾನೇ, ಅಂದರು. ಎರಡೂ ಸೇರಿ ಬುಡೆ, ಒಂದೊಂದೇ ಆಗಿದ್ರೆ ಆಗ್ತಿರ್ಲಿಲ್ಲ ಅನ್ಸುತ್ತೆ, ಇಲಿಗಳಲ್ಲಿ ಹಾಗೆ, ಮಕ್ಕಳಲ್ಲೂ ಹಾಗೇನಾ ಅಂತ ನಾನು ಆಣೆ ಮಾಡಿ ಹೇಳಲಾರೆ, ನಿಮಗೆ ಗೊತ್ತಿರ್ಲಿಲ್ಲ, ಪಾಕ್‌ಗೂ ಗೊತ್ತಿರ್ಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ. ನಾಳೆ ಹೇಳು, ಅಂದರು, ನನ್ನ ಹೆಸರು ಹೇಳು ಅನ್ನಲ್ಲ, ಹೇಳ್ಬೇಡ ಅಂತಾನೂ ಅನ್ನಲ್ಲ. ಎದ್ದು ಬರುವಾಗ ಕಟ್ಟಿದ ಒಂದು ಪೊಟ್ಟಣವನ್ನು ಎಡಗೈಯಲ್ಲಿ ಕೊಟ್ಟರು, ಬಲಗೈ ಮುಚ್ಚಿಯೇ ಇತ್ತು, ನಮ್ಮಲ್ಲಿ ಎಡಗೈಯಲ್ಲಿ ಯಾರೂ ಏನನ್ನೂ ಕೊಡುವುದಿಲ್ಲ.

ಮುಗಿಯಿತು ತಿನಿ, ಬಾ, ಎಂದು ಬು ಕುಸ್ರಿನಿ ಕೂಗುತ್ತಿದ್ದಾರೆ, ತಕ್ಕಡಿಯ ಕೊಕ್ಕೆ ಖಾಲಿ, ಮಕ್ಕಳು ಪಾಯಸಕ್ಕೆ ಮುತ್ತಿವೆ, ನಾನು ಮೈಕಿನ ಮುಂದೆ ನಿಂತೆ, ನಿಂತ ಮೇಲೆಯೇ ಕಂಡದ್ದು, ಎಡಗಡೆ, ಗೋಡೆಯ ಪಕ್ಕ, ತಲೆಗೆ ಕಂದು ಬಟ್ಟೆ ಹೊದ್ದು ಬುಡೆ ವಾಗಿರಾ, ಯಾವಾಗ ಬಂದರೋ. ಹೇಳುತ್ತೇನೆ. ನನ್ನ ಧ್ವನಿ ನನಗೇ ದೂರದಿಂದ ಕೇಳುತ್ತಿದೆ, ಕಹಿತೊಗಟೆ ಕುಡಿಸ್ತಿದ್ರೆ ಪ್ಯಾರಾಸಿಟಮಾಲ್ ಕೊಡ್ಬೇಡಿ, ಮಾತ್ರೇನೂ ಬೇಡ, ಸಿರಪ್ಪೂ ಬೇಡ, ಅದನ್ನ ಕೊಡ್ತಿದ್ರೆ ತೊಗಟೆ ಮುಟ್ಬೇಡಿ, ಎರಡೂ ಒಟ್ಟಿಗೆ ಹೋದ್ರೆ ಯಕೃತ್ತು ಕೆಡುತ್ತೆ, ಜ್ವರ ಬಂದ್ರೆ ಬು ಕುಸ್ರಿನಿ ಹತ್ರ ಕರ್ಕೊಂಡ್ ಬನ್ನಿ, ಏನೇನು ಕೊಟ್ಟಿದೀವಿ ಅಂತ ಮುಚ್ಚಿಡ್ದೆ ಹೇಳಿ, ಯಾರೂ ಬೈಯಲ್ಲ. ಯಾರೂ ಬೈಯಲ್ಲ — ಅದನ್ನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂತು. ಅಟ್ಟದ ಇಲಿಯ ತಮಾಷೆ ಮಾಡಿದವಳು ಮಗುವಿನ ಬಾಯಿ ಒರೆಸುವುದನ್ನು ನಿಲ್ಲಿಸಿ ಕೇಳುತ್ತಾಳೆ, ಹಾಗಾದ್ರೆ ಆವತ್ತು ಲಸ್ಮಿಗೆ. ಪೂರ್ತಿ ಕೇಳುವುದಿಲ್ಲ. ಬೇಕಾಗಿಲ್ಲ. ತಲೆಗಳು ಗೋಡೆಯ ಕಡೆ ತಿರುಗುತ್ತಿವೆ. ಮಾಸ್ ತರ್ನೊ ಸಿಗರೇಟು ಎಸೆದು ಕಂಬ ಬಿಟ್ಟು ನೆಟ್ಟಗೆ ನಿಂತಿದ್ದಾನೆ, ಈಗ, ಈಗ ಹೇಳು ಎನ್ನುತ್ತಿದೆ ಅವನ ಮುಖ, ಹುಡುಗನಾಗಿದ್ದಾಗ ಶಾಲೆಯಿಂದ ಬಂದು ಚೀಲ ಎಸೆದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದನಲ್ಲ, ಆ ಮುಖ, ಅವನಿಗೆ ಇದು ಸಲ್ಲಬೇಕು, ಅಪ್ಪನಿಗೆ ಸಲ್ಲಬೇಕು, ನನಗೆ ಗೊತ್ತು. ನನಗೆ ಗೊತ್ತಿರೋದು ಇಲಿಗಳ ವಿಷಯ, ಅಂದೆ ಮೈಕಿಗೆ, ಲಸ್ಮಿ ವಿಷಯ ನನಗೆ ಗೊತ್ತಿಲ್ಲ. ಅಣ್ಣ ಮುಖ ತಿರುಗಿಸಿದ. ಹೋಗಿಬಿಡುತ್ತಾನೆ, ಹೆಜ್ಜೆ ಎತ್ತಿದ್ದಾನೆ, ಮನೆಗೆ ಹೋದರೆ ನನ್ನೊಂದಿಗೆ ಮಾತಾಡುವುದಿಲ್ಲ, ಸತ್ತಮೇಲೂ ಅಪ್ಪನನ್ನು ಒಬ್ಬಂಟಿ ಮಾಡಿದೆ ಎನ್ನುತ್ತಾನೆ —

ಅವಳಿಗೆ ಗೊತ್ತಿದೆ. ಮೈಕಿಲ್ಲದ ಧ್ವನಿ, ಗೋಡೆಯ ಕಡೆಯಿಂದ. ನಿನ್ನೆ ನಾನೇ ಹೇಳಿದೀನಿ. ಬುಡೆ ವಾಗಿರಾ ಎದ್ದು ನಿಂತಿದ್ದಾರೆ, ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಮೇಲಕ್ಕೆ ಎತ್ತಿದ್ದಾರೆ, ಮಾತಾಡಲೇ ಎಂದು ಶಾಲೆಯಲ್ಲಿ ಮಕ್ಕಳು ಎತ್ತುವ ಹಾಗೆ, ಯಾರೂ ಕೇಳಿರಲಿಲ್ಲ, ಎತ್ತಿದ್ದಾರೆ. ಪಾಕ್ ದಾರ್ಸೊ ನನ್ನ ಕೇಳಿದ್ರು, ಬೇರೆ ಏನಾದ್ರೂ ಕೊಟ್ಯಾ ಅಂತ, ಇಲ್ಲ ಅಂದೆ, ಕೊಟ್ಟಿದ್ದೆ, ಅಂಗಡಿ ಸಿರಪ್ಪು, ಅವರಿಗೆ ಗೊತ್ತಿರ್ಲಿಲ್ಲ, ನಾನು ಹೇಳ್ಲಿಲ್ಲ. ಬಾಗಿಲಲ್ಲಿ ಹೆಜ್ಜೆ ನಿಂತ ಸದ್ದು, ಅಣ್ಣ ನಿಂತಿರಬೇಕು, ತಿರುಗಿ ನೋಡಬೇಕು, ಅವನ ಮುಖ ನೋಡಬೇಕು, ಅದಕ್ಕೇ ಅಲ್ಲವೇ ಇಷ್ಟೆಲ್ಲ, ಬು ಕುಸ್ರಿನಿ ಅವರ ಹತ್ತಿರ ಹೋಗುತ್ತಿದ್ದಾರೆ, ಯಾರೋ ನೀರು ಎನ್ನುತ್ತಿದ್ದಾರೆ, ಒಂದು ಮಗು ಪಾಯಸ ಚೆಲ್ಲಿ ಅಳುತ್ತಿದೆ, ನೋಡಲಾಗುತ್ತಿಲ್ಲ, ಯಾವುದನ್ನೂ ನೋಡಲಾಗುತ್ತಿಲ್ಲ, ಹೇಳಿಯಾಯಿತಲ್ಲ ಬುಡೆ, ಎಲ್ಲ ಹೇಳಿಯಾಯಿತು, ಇನ್ನಾದರೂ ಬಿಚ್ಚಿ, ಆ ಕೈ ಇಳಿಯುತ್ತಿಲ್ಲ, ಬಾಳೆಲೆಯ ಕರೆ ಹಿಡಿದ ನಾಲ್ಕು ಬೆರಳು ಬಿಗಿಯಾಗಿ ಮುಚ್ಚಿವೆ, ಗೆಣ್ಣುಗಳು ಬೆಳ್ಳಗಾಗಿವೆ, ಒಳಗೆ ಹೆಬ್ಬೆರಳು, ಬಿಚ್ಚಿ ಬುಡೆ, ನಾಲ್ಕು ಬೆರಳು, ಒಳಗೆ ಹೆಬ್ಬೆರಳು, ಒಳಗೆ ಹೆಬ್ಬೆರಳು